ನಂದಿ ಹತ್ತಿದ ತಗಡು

ಅತಾವುಲ್ಲಾ ಭಾಯ್ ಅವರ ಕೆಲಸ ಹೋಗುವಂತೆ ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಯಶವಂತಪುರದಲ್ಲಿ ಯಾರನ್ನು ಕೇಳಿದರೂ, ಭಾಯ್‌ನ ಮೇಲಕ್ಕೆ ತಂದಿದ್ದು ಆರ್.ಟಿ. ನಗರದ ತ್ರಿವಿಕ್ರಮ ಸಾರ್ ಎಂದು ನನ್ನ ಹೆಸರು ಹೇಳಿ ಹೊಗಳುತ್ತಾರೆ. ಕೇಳಿದಾಗೆಲ್ಲ ಮೈ ಉರಿಯುತ್ತದೆ. ಅವರ ಮೇಲಲ್ಲ, ನನ್ನ ಮೇಲೆ. ಆ ಮನುಷ್ಯನನ್ನು ಎಂಟು ವರ್ಷ ಮೂಲೆಗೆ ತಳ್ಳಿದವನು ನಾನು. ಮೇಲೆ ಬಂದದ್ದು ಅವರು ತಮ್ಮ ಕೈಗುಣದಿಂದಲೇ.

ಎಪ್ಪತ್ತನಾಲ್ಕರಲ್ಲಿ ನಾನು ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ದಿನವಿಡೀ ಯಂತ್ರದ ಭಾಗಗಳ ನಕ್ಷೆ ಬರೆಯುವ ಕೆಲಸ. ಬೆಂಗಳೂರು ಬಿಟ್ಟು ಹೊರಟಿದ್ದ ಒಬ್ಬ ಡಾಕ್ಟರ ಹತ್ತಿರ ಹದಿನೈದು ವರ್ಷ ಹಳೆಯದಾದ ಬೂದು ಬಣ್ಣದ ಫೋಕ್ಸ್‌ವ್ಯಾಗನ್ ಕೊಂಡೆ. ಸ್ಕೂಟರ್ ಸಾಕು ಎಂದು ನನ್ನ ಹೆಂಡತಿ ಗೋದಾ ಬಡಕೊಂಡಳು, ನಾನು ಕೇಳಲಿಲ್ಲ. ಬೀದಿಯವರು ಅದಕ್ಕೆ ಆಮೆ ಎಂದು ಹೆಸರಿಟ್ಟರು. ಮುಂದಿನ ಬಾನೆಟ್ ಎತ್ತಿದರೆ ಒಳಗೆ ಸ್ಟೆಪ್ನಿ ಟೈರು ಮಾತ್ರ ಕಾಣುತ್ತಿತ್ತು, ಇಂಜಿನ್ ಇರುವುದು ಹಿಂದುಗಡೆ. ಅದಕ್ಕೆ ನೀರು ಬೇಡ, ರೇಡಿಯೇಟರ್ ಬೇಡ. ಒಂದು ಫ್ಯಾನು ಗಾಳಿ ಊದಿಯೇ ಅದನ್ನು ತಂಪಾಗಿಡುತ್ತದೆ. ಹೀಗೆಲ್ಲ ವಿವರಿಸಿ ಹೇಳುವಾಗ ನನಗೆ ಅದನ್ನು ನಾನೇ ಕಂಡುಹಿಡಿದಷ್ಟು ಜಂಬ ಬರುತ್ತಿತ್ತು.

ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ರಾಮಕೃಷ್ಣಪ್ಪನವರ ಗ್ಯಾರೇಜಿತ್ತು. ಹೊಂಗೆ ಮರದ ನೆರಳು, ಶೀಟಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ. ಯಲಹಂಕದಿಂದ ಮಲ್ಲೇಶ್ವರದವರೆಗೆ ಎಲ್ಲೇ ಜರ್ಮನ್ ಕಾರು ಕೆಟ್ಟರೂ ಅಲ್ಲಿಗೇ ಬರುತ್ತಿತ್ತು, ಯಾಕೆಂದರೆ ಅಲ್ಲಿ ಅತಾವುಲ್ಲಾ ಇದ್ದರು. ಹುಡುಗನಾಗಿದ್ದಾಗ ಅವರು ಒಬ್ಬ ಜರ್ಮನ್ ಇಂಜಿನಿಯರ ಮನೆಯಲ್ಲಿ ಕಾರು ತೊಳೆಯಲು ಸೇರಿದ್ದರಂತೆ. ಆ ಮನುಷ್ಯನಿಗೆ ಭಾನುವಾರ ಬಂತೆಂದರೆ ಇಂಜಿನ್ ಬಿಚ್ಚಿ ಮತ್ತೆ ಜೋಡಿಸುವ ಖಯಾಲಿ. ಎದುರಿಗೆ ಕೂತು ಸ್ಪ್ಯಾನರ್ ಕೊಡುತ್ತಾ ಕೊಡುತ್ತಾ ಇವರು ಆರು ವರ್ಷದಲ್ಲಿ ಎಲ್ಲ ಕಲಿತರು. ಕಾರ್ಬೊರೇಟರಿಗೆ ಇವರು ಈಗಲೂ ಜರ್ಮನ್ ಭಾಷೆಯಲ್ಲಿ 'ಫೆರ್ಗಾಸರ್' ಎಂದೇ ಹೇಳುವುದು. ಅಂಗಡಿಗೆ ಹೋಗಿ ಹಾಗೆ ಕೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಬೆರಳು ತೋರಿಸಿ ತರಬೇಕಾಗುತ್ತಿತ್ತು.

ಅವರದೊಂದು ಹಟವಿತ್ತು. ಬೇರೆ ಮೇಸ್ತ್ರಿಗಳು ಓಡಿಸಿ ತಂದ ಬಿಸಿ ಇಂಜಿನ್ನಿಗೇ ಟ್ಯಾಪೆಟ್ ಹಿಡಿಯುತ್ತಿದ್ದರು, ಎಂದರೆ ವಾಲ್ವಿನ ಸಂದು ಸರಿಪಡಿಸುತ್ತಿದ್ದರು. ಇವರು ಫೋಕ್ಸ್‌ವ್ಯಾಗನ್ನಿಗೆ ಹಾಗೆ ಮಾಡುತ್ತಿರಲಿಲ್ಲ. ಗಾಡಿ ಹಿಂದಿನ ದಿನವೇ ಬಿಟ್ಟು ಹೋಗಿ, ಬೆಳಿಗ್ಗೆ ಪೂರ್ತಿ ತಣ್ಣಗಾದ ಮೇಲೆ ಮುಟ್ಟುತ್ತೇನೆ ಎನ್ನುತ್ತಿದ್ದರು. ನಾವು ಗೊಣಗುತ್ತಿದ್ದೆವು, ಆದರೂ ಬಿಟ್ಟು ಬರುತ್ತಿದ್ದೆವು. ಭಾನುವಾರ ಬೆಳಿಗ್ಗೆ ಕಾರು ತರಲು ಹೋದವರು ಮಧ್ಯಾಹ್ನದ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ಒಪೆಲ್‌ನವನು, ಮರ್ಸಿಡಿಸ್‌ನವನು, ಆಮೆಯವನು ಎಲ್ಲರೂ ಹೊಂಗೆ ಮರದ ಕೆಳಗೆ ಸ್ಟೂಲು ಹಾಕಿಕೊಂಡು ಹರಟೆ ಕೊಚ್ಚುತ್ತಿದ್ದೆವು. ಅಡುಗೆಮನೆಯ ಬಲ್ಬು ಹೋಗಿ ಹದಿನೈದು ದಿನವಾಯಿತು, ಅದನ್ನೂ ಆ ಗ್ಯಾರೇಜಿಗೇ ಕಳಿಸಲೇ ಎಂದು ಗೋದಾ ಒಮ್ಮೆ ಕೇಳಿದಳು.

ಎಪ್ಪತ್ತಾರರ ಏಪ್ರಿಲ್‌ನಲ್ಲಿ ಅತಾವುಲ್ಲಾ ನನ್ನ ಇಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದರು. ಇಪ್ಪತ್ತು ದಿನ ಹಿಡಿಯಿತು. ಮೇ ತಿಂಗಳಲ್ಲಿ ಮೈಸೂರಿನಿಂದ ಅತ್ತೆ ಮಾವ ಬರುವವರಿದ್ದರು, ಅವರನ್ನು ನಂದಿ ಬೆಟ್ಟಕ್ಕೆ ಕರೆದುಕೊಂಡು ಹೋಗುವುದು ಎಂದು ನಾನು ಆಗಲೇ ಪತ್ರ ಬರೆದಾಗಿತ್ತು.

ಹೊರಡುವ ಹಿಂದಿನ ವಾರ ಒಂದು ಸುತ್ತು ಓಡಿಸಿ ಬಂದು, ಹಿಂದಿನ ಮುಚ್ಚಳ ತೆಗೆದು ನೋಡಿದೆ. ಇಂಜಿನ್ ಕಾದು ಕೆಂಡವಾಗಿತ್ತು. ಅದರ ಸುತ್ತ ನಾಲ್ಕು ಕಪ್ಪು ತಗಡು, ತಗಡಿನ ಅಂಚಿಗೆ ಒಂದು ರಬ್ಬರ್ ಪಟ್ಟಿ. ಬೇಸಿಗೆಯಲ್ಲಿ ಯಾರೋ ಕಂಬಳಿ ಹೊದೆಸಿದ ಹಾಗೆ ಕಾಣಿಸಿತು. ಗಾಳಿಯಲ್ಲಿ ತಂಪಾಗುವ ಇಂಜಿನ್ನಿಗೆ ಗಾಳಿಯನ್ನೇ ಅಡ್ಡಗಟ್ಟಿದ್ದಾರಲ್ಲ ಎಂದು ಜರ್ಮನಿಯವರ ಬುದ್ಧಿಯನ್ನು ಆಡಿಕೊಂಡೆ. ಸ್ಕ್ರೂಡ್ರೈವರ್ ತಂದು ನಾಲ್ಕೂ ತಗಡು ಬಿಚ್ಚಿದೆ, ರಬ್ಬರ್ ಪಟ್ಟಿ ಕಿತ್ತೆ. ಈಗ ಇಂಜಿನ್ ಹಾಯಾಗಿ ಉಸಿರಾಡಲಿ ಎಂದುಕೊಂಡೆ. ತಗಡನ್ನು ಗೋದಾ ಹಳೇ ಕಬ್ಬಿಣದವನಿಗೆ ಹಾಕಿದಳು. ಅತಾವುಲ್ಲಾಗೆ ಹೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ.

ನಾವು ಐದು ಜನ ಹೊರಟೆವು. ನಾನು, ಗೋದಾ, ಅತ್ತೆ, ಮಾವ, ಮಾವನ ತಮ್ಮ. ದೇವನಹಳ್ಳಿ ದಾಟುವವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಬೆಟ್ಟದ ಅರ್ಧ ದಾರಿ ಹತ್ತಿದ ಮೇಲೆ ಒಂದು ದೊಡ್ಡ ಬಂಡೆಯ ಪಕ್ಕ ಕಡಿದಾದ ತಿರುವು ಬರುತ್ತದೆ. ಅಲ್ಲಿ ಇಂಜಿನ್ ಕಟಕಟ ಎಂದಿತು, ಒಮ್ಮೆ ಒದರಿತು, ಹಾಗೇ ಹಿಡಿದುಕೊಂಡು ನಿಂತುಬಿಟ್ಟಿತು. ಎಷ್ಟು ಒದ್ದಾಡಿದರೂ ಅಲ್ಲಾಡಲಿಲ್ಲ. ಒಂಬತ್ತು ಗಜದ ಸೀರೆ ಉಟ್ಟಿದ್ದ ಅತ್ತೆ ಬಿಸಿಲಿನಲ್ಲಿ ಬೆಟ್ಟ ಇಳಿದರು. ಮಾವ ಬಸ್ಸಿನಲ್ಲಿ ಕೂತ ಮೇಲೆ, ಹೆಸರೇನೋ ತ್ರಿವಿಕ್ರಮ, ಒಂದು ಬೆಟ್ಟ ಹತ್ತಲಾಗಲಿಲ್ಲ ಎಂದರು.

ಆ ಅವಮಾನವನ್ನೆಲ್ಲ ಹೊತ್ತುಕೊಂಡು ಹೋಗಿ ಗ್ಯಾರೇಜಿನಲ್ಲಿ ಸುರಿದೆ. ಭಾನುವಾರವಾದ್ದರಿಂದ ಎಲ್ಲ ಕಾರಿನವರೂ ಅಲ್ಲಿದ್ದರು. ಲಾರಿಯಲ್ಲಿ ಹೇರಿಸಿ ತಂದ ಗಾಡಿಯ ಮುಂದೆ ನಿಂತು, ಇಪ್ಪತ್ತು ದಿನ ಇಟ್ಟುಕೊಂಡು ಏನಯ್ಯಾ ಕಡಿದೆ ಎಂದು ಅತಾವುಲ್ಲಾ ಅವರನ್ನು ಬಾಯಿಗೆ ಬಂದಂತೆ ಬೈದೆ. ಅವರು ಹಿಂದಿನ ಮುಚ್ಚಳ ತೆಗೆದರು, ಬಗ್ಗಿ ನೋಡಿದರು, ಎದ್ದು ನಿಂತರು.

"ತಗಡು ಎಲ್ಲಿ ಸಾರ್?"

"ತಗಡಿಗೂ ಇಂಜಿನ್ ಕೂತಿದ್ದಕ್ಕೂ ಏನಯ್ಯಾ ಸಂಬಂಧ?"

"ತಗಡು ಇಲ್ದೆ ಫ್ಯಾನಿನ ಗಾಳಿ ಇಂಜಿನ್ ಮೇಲೆ ನಿಲ್ಲಲ್ಲ ಸಾರ್. ಎಲ್ಲಾ ಕಡೆ ಹೊರಟೋಗುತ್ತೆ. ಕೆಳಗಿನ ಬಿಸಿ ಗಾಳೀನೇ ಮತ್ತೆ ಎಳ್ಕೊಳುತ್ತೆ."

ನಾನು ನಕ್ಕೆ. ಉಳಿದವರೂ ನಕ್ಕರು. ರಾಮಕೃಷ್ಣಪ್ಪನವರು ಮೂವತ್ತು ವರ್ಷದಿಂದ ನೀರು ಹಾಕುವ ಗಾಡಿಗಳನ್ನೇ ರಿಪೇರಿ ಮಾಡಿದವರು. ತಗಡು ಬಿಚ್ಚಿದರೆ ಇಂಜಿನ್ ಇನ್ನೂ ತಂಪಾಗಬೇಕಲ್ಲವೇ ಎಂದು ಅವರಿಗೂ ಅನ್ನಿಸಿತು. ಕೆಲಸ ಕೆಡಿಸಿದ್ದೂ ಅಲ್ಲದೆ ಗಿರಾಕಿಯ ಮೇಲೆ ಹಾಕುತ್ತಾನೆ ಎಂದು ಅವರಿಗೆ ಸಿಟ್ಟು ಬಂತು. ಆ ದಿನವೇ ಅತಾವುಲ್ಲಾ ಅವರನ್ನು ಕೆಲಸದಿಂದ ತೆಗೆದರು. ಅಲ್ಲಿಗೆ ನಿಲ್ಲಲಿಲ್ಲ. ಅತಾವುಲ್ಲಾ ಕಟ್ಟಿದ ಇಂಜಿನ್ ಬೆಟ್ಟದಲ್ಲಿ ಕೂತುಹೋಯಿತು ಎಂಬ ಸುದ್ದಿ ಗ್ಯಾರೇಜಿಂದ ಗ್ಯಾರೇಜಿಗೆ ಹೋಯಿತು. ಯಲಹಂಕದಲ್ಲಿ, ಮತ್ತಿಕೆರೆಯಲ್ಲಿ, ಎಲ್ಲಿ ಕೇಳಿದರೂ ಅವರ ಕೈಗೆ ಯಾರೂ ಇಂಜಿನ್ ಕೊಡಲಿಲ್ಲ. ಪಂಚರ್ ಹಾಕು, ಗ್ರೀಸ್ ಹೊಡಿ ಎಂದರಂತೆ. ಅವರು ಒಪ್ಪಲಿಲ್ಲ.

ಯಶವಂತಪುರದ ಮಾರ್ಕೆಟ್ ಹಿಂದೆ ಅವರ ಹೆಂಡತಿ ಖುರ್ಷೀದ್ ಅವರ ಅಣ್ಣನಿಗೆ ಟ್ರಂಕು ಮಾಡುವ ಅಂಗಡಿಯಿತ್ತು. ಅತಾವುಲ್ಲಾ ಅಲ್ಲಿ ತಗಡು ಕತ್ತರಿಸಲು ಕೂತರು. ಮದುವೆಗೆ ಕೊಡುವ ದೊಡ್ಡ ಟ್ರಂಕು, ಹಾಸ್ಟೆಲ್ ಹುಡುಗರ ಸಣ್ಣ ಟ್ರಂಕು, ಹಸಿರು ಬಣ್ಣ ಬಳಿದು ಮೇಲೆ ಗುಲಾಬಿ ಹೂವು ಬರೆದದ್ದು. ದಾರಿಯಲ್ಲಿ ಫೋಕ್ಸ್‌ವ್ಯಾಗನ್ ಸದ್ದು ಕೇಳಿದರೆ ತಲೆಯೆತ್ತುತ್ತಿರಲಿಲ್ಲ ಎಂದು ಖುರ್ಷೀದ್ ಆಮೇಲೆ ನನಗೆ ಹೇಳಿದರು. ಮನೆಯಲ್ಲಿ ಗಾಡಿಯ ಮಾತೇ ನಿಂತುಹೋಗಿತ್ತಂತೆ.

ನನ್ನ ಕಾರಿಗೆ ರಾಮಕೃಷ್ಣಪ್ಪನವರ ಹೊಸ ಮೇಸ್ತ್ರಿಗಳು ಎರಡು ಸಲ ಇಂಜಿನ್ ಕಟ್ಟಿದರು. ಎರಡು ಸಲವೂ ಅದು ತರಕಾರಿ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಕೊನೆಗೆ ಹಿತ್ತಲಲ್ಲಿ ನಿಲ್ಲಿಸಿ ಗೋಣಿ ಹೊದೆಸಿದೆ. ಅದರ ಮೇಲೆ ಗೋದಾ ಹಪ್ಪಳ ಒಣಗಿಸತೊಡಗಿದಳು.

ಎಂಬತ್ತನಾಲ್ಕರಲ್ಲಿ ಅದನ್ನು ಮಾರಿಬಿಡೋಣ ಎಂದು ಒಳಗೆ ಗುಡಿಸುತ್ತಿದ್ದೆ. ಮುಂದಿನ ಗೂಡಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪುಸ್ತಕ ಸಿಕ್ಕಿತು. ಗಾಡಿಯ ಜೊತೆ ಬಂದದ್ದು, ಇಂಗ್ಲಿಷಿನಲ್ಲಿದೆ, ಹತ್ತು ವರ್ಷದಿಂದ ಅಲ್ಲೇ ಇತ್ತು. ಕೊಳ್ಳುವವನಿಗೆ ಕೊಡೋಣವೆಂದು ಧೂಳು ಒರೆಸುತ್ತಾ ಪುಟ ತಿರುವಿದೆ. ಒಂದು ಪುಟದಲ್ಲಿ ಇಂಜಿನ್ನಿನ ಚಿತ್ರ, ಫ್ಯಾನಿನಿಂದ ಹೊರಟ ಗಾಳಿಗೆ ಬಾಣದ ಗುರುತು, ಆ ಬಾಣಗಳನ್ನೆಲ್ಲ ಸುತ್ತುವರಿದು ಇಂಜಿನ್ ಕಡೆಗೇ ತಿರುಗಿಸುವ ತಗಡುಗಳು. ಈ ತಗಡುಗಳಿಲ್ಲದೆ ಇಂಜಿನ್ ಓಡಿಸಲೇಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ಜೀವನವೆಲ್ಲ ನಕ್ಷೆ ಬರೆದು ಸಂಬಳ ತೆಗೆದುಕೊಂಡವನು ನಾನು. ನನ್ನ ಕಾರಿನೊಳಗೇ ಇದ್ದ ನಕ್ಷೆಯನ್ನು ಒಂದು ಸಲ ಬಿಚ್ಚಿ ನೋಡಿರಲಿಲ್ಲ. ಹಿತ್ತಲಲ್ಲಿ ಕೂತು ನನಗೆ ನಾನೇ ಬೈದುಕೊಂಡೆ. ನಾಚಿಕೆಯಿಂದ ಆ ದಿನ ಊಟ ಸೇರಲಿಲ್ಲ. ಗೋದಾ ವಿಷಯ ಕೇಳಿ, ಇಲ್ಲಿ ಕೂತರೆ ಏನು ಬಂತು, ಅವರ ಹತ್ತಿರ ಹೋಗಿ ಎಂದಳು.

ಪುಸ್ತಕ ಹಿಡಿದುಕೊಂಡು ಯಶವಂತಪುರಕ್ಕೆ ಹೋದೆ. ಅಂಗಡಿಯಲ್ಲಿ ಸುತ್ತಿಗೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಅತಾವುಲ್ಲಾ ಅವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಪುಟ ಬಿಚ್ಚಿ ಅವರ ಮುಂದೆ ಇಟ್ಟೆ. ನೀವು ಹೇಳಿದ್ದೇ ಸರಿ, ತಪ್ಪು ನನ್ನದು ಎಂದೆ. ಅವರು ಚಿತ್ರವನ್ನು ನೋಡಿದರು. ಸಿಟ್ಟು ಮಾಡಿಕೊಂಡು ಎರಡು ಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

"ನನಗ್ಯಾಕೆ ತೋರಿಸ್ತೀರ ಸಾರ್? ನನಗೆ ಇದು ಅವತ್ತೇ ಗೊತ್ತಿತ್ತು. ನಕ್ಕವರಿಗೆ ತೋರ್ಸಿ."

ತೋರಿಸುತ್ತೇನೆ, ಎಲ್ಲರ ಮುಂದೆಯೇ ಹೇಳುತ್ತೇನೆ ಎಂದೆ.

"ಬರೀ ಹೇಳೋದು ನಕ್ಕೊ ಸಾರ್, ಬೇಡ. ಬಾಯಿ ಮಾತಿಗೆ ನನ್ನ ಹೆಸರು ಹೋಯ್ತು, ಬಾಯಿ ಮಾತಿಗೆ ವಾಪಸ್ ಬರಲ್ಲ. ಗಾಡಿ ಹತ್ತಬೇಕು."

ಒಳಗಿನಿಂದ ಖುರ್ಷೀದ್ ಚಹಾ ತಂದು ನನ್ನ ಮುಂದೆ ಕುಕ್ಕಿದರು. ಮತ್ತೆ ಅದೇ ಗಾಡಿ ಕೈಗೆತ್ತಿಕೊಂಡು ಮತ್ತೆ ಅದೇ ಬೆಟ್ಟದಲ್ಲಿ ನಿಂತರೆ ಇವರು ಆಮೇಲೆ ಎದ್ದೇಳುವುದಿಲ್ಲ, ಅದು ನಿಮಗೆ ಗೊತ್ತಿರಲಿ ಎಂದು ನನಗೆ ಹೇಳಿದರು. ಅತಾವುಲ್ಲಾ ಮಾತ್ರ ಗಾಡಿ ಎಲ್ಲಿದೆ ಎಂದು ಕೇಳಿದರು.

ಮುಂದಿನ ಎರಡೂವರೆ ತಿಂಗಳು ನನ್ನ ರಜೆಯೆಲ್ಲ ಆ ಟ್ರಂಕಿನ ಅಂಗಡಿಯಲ್ಲಿ ಕಳೆಯಿತು. ಗಾಡಿಯನ್ನು ತಳ್ಳಿಸಿಕೊಂಡು ಹೋಗಿ ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದೆವು. ಇಂಜಿನ್ ಕಟ್ಟುವ ಕೆಲಸ ಅವರಿಗೆ ನೀರು ಕುಡಿದಷ್ಟು ಸಲೀಸು. ಕಷ್ಟವಿದ್ದದ್ದು ತಗಡಿನದು. ಹೊಸ ತಗಡು ಊರಲ್ಲಿ ಎಲ್ಲೂ ಸಿಗಲಿಲ್ಲ. ಸಿಲಿಂಡರಿನ ಅಡಿಗೆ ಹೊಂದುವ ಬಾಗು, ಅಂಚಿನ ಮಡಿಕೆ, ಪೈಪು ತೂರುವ ತೂತು, ಒಂದು ಕಡೆ ಸಂದು ಉಳಿದರೂ ಗಾಳಿ ಸೋರಿಹೋಗುತ್ತದೆ. ಪುಸ್ತಕದ ಚಿತ್ರ ನೋಡಿ, ಕೋಗಿಲು ಊರಿನ ಒಬ್ಬರ ಗಾಡಿಯ ತಗಡನ್ನು ಒಂದು ದಿನದ ಮಟ್ಟಿಗೆ ಬೇಡಿ ತಂದು ಅಳತೆ ತೆಗೆದು, ನಾನು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆದೆ. ಅವರು ಟ್ರಂಕಿನ ಶೀಟಿನ ಮೇಲೆ ಅದನ್ನು ಇಟ್ಟು ಕತ್ತರಿಸಿದರು. ಎಂಟು ವರ್ಷದ ಹಿಂದೆ ಅವರಿಗೆ ತಗಡಿನ ಅಂಚು ಮಡಿಸಲು ಬರುತ್ತಿರಲಿಲ್ಲ, ಈಗ ಕಣ್ಣು ಮುಚ್ಚಿ ಮಡಿಸುತ್ತಿದ್ದರು. ನನ್ನ ನಕ್ಷೆ ಮೂರು ಸಲ ತಪ್ಪಾಯಿತು. ಮೂರು ಸಲವೂ ಅವರು ಹಾಳೆಯನ್ನು ನನ್ನ ಕಡೆ ತಳ್ಳಿ ಸೀಸದ ಕಡ್ಡಿ ಕೊಟ್ಟರು. ಬಣ್ಣಕ್ಕೆ ಅಂಗಡಿಯಲ್ಲಿದ್ದದ್ದು ಟ್ರಂಕಿನ ಹಸಿರು ಒಂದೇ, ಅದನ್ನೇ ಬಳಿದೆವು. ಗುಲಾಬಿ ಹೂವು ಬೇಡವೇ ಎಂದು ಖುರ್ಷೀದ್ ಕೇಳಿದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಳೇ ಕಾರಿನವರೆಲ್ಲ ಸೇರಿ ವರ್ಷಕ್ಕೊಮ್ಮೆ ಹೆಬ್ಬಾಳದಿಂದ ನಂದಿಗೆ ಹೋಗುವ ರೂಢಿ ಅಷ್ಟು ಹೊತ್ತಿಗೆ ಶುರುವಾಗಿತ್ತು. ಆ ಸಲ ಡಿಸೆಂಬರ್ ಮೊದಲ ಭಾನುವಾರ. ರಾಮಕೃಷ್ಣಪ್ಪನವರ ಗ್ಯಾರೇಜಿನ ಮುಂದೆ ಹದಿನೆಂಟು ಕಾರು ಸಾಲಾಗಿ ನಿಂತಿದ್ದವು. ಎಂಟು ವರ್ಷದ ಹಿಂದೆ ಬೈದ ಜಾಗದಲ್ಲೇ ನಿಂತು ನಾನು ಪುಸ್ತಕ ಎತ್ತಿ ಹಿಡಿದೆ. ತಗಡು ಬಿಚ್ಚಿದವನು ನಾನು, ಇಂಜಿನ್ ಸುಟ್ಟವನು ನಾನು, ಈ ಮನುಷ್ಯನ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಕೆಲವರು ನೆಲ ನೋಡಿದರು. ರಾಮಕೃಷ್ಣಪ್ಪನವರು ಇಂಜಿನ್ನಿನ ಸುತ್ತ ಇದ್ದ ಹಸಿರು ತಗಡು ನೋಡಿ ನಕ್ಕರು.

"ಪುಸ್ತಕ್ದಲ್ಲಿ ಏನ್ ಬೇಕಾದ್ರೂ ಬರೀತಾರೆ. ಟ್ರಂಕ್ ಕಟ್ಕೊಂಡು ಬೆಟ್ಟ ಅತ್ತೋ ಇಂಜಿನ್ನ ನಾನಂತೂ ಕಂಡಿಲ್ಲ."

"ಹಾಗಾದ್ರೆ ಕೂತ್ಕೊಳ್ಳಿ ಯಜಮಾನ್ರೆ," ಎಂದು ಅತಾವುಲ್ಲಾ ಮುಂದಿನ ಬಾಗಿಲು ತೆಗೆದರು. ಅವತ್ತಿನಷ್ಟೇ ಭಾರ ಇವತ್ತೂ ಇರಬೇಕು, ಐದು ಜನ ಬೇಕು ಎಂದರು. ಅವರೇ ಸ್ಟೀರಿಂಗ್ ಹಿಡಿದರು, ಪಕ್ಕದಲ್ಲಿ ರಾಮಕೃಷ್ಣಪ್ಪನವರು ಕೂತರು. ಹಿಂದೆ ಗೋದಾ, ನಾನು, ಖುರ್ಷೀದ್ ಒತ್ತಿಕೊಂಡು ಕೂತೆವು.

ಅಲ್ಲಾಳಸಂದ್ರದ ಕೆರೆ ದಾಟಿತು, ಯಲಹಂಕ ದಾಟಿತು, ದೇವನಹಳ್ಳಿ ದಾಟಿತು. ಗೋದಾ ಹನುಮಾನ್ ಚಾಲೀಸ ಹೇಳಿಕೊಳ್ಳುತ್ತಿದ್ದಳು, ಇನ್ನೊಂದು ಪಕ್ಕದಲ್ಲಿ ಖುರ್ಷೀದ್ ತಮ್ಮದನ್ನು ತಾವು ಹೇಳಿಕೊಳ್ಳುತ್ತಿದ್ದರು. ನಡುವೆ ಕೂತ ನಾನು ಇಂಜಿನ್ನಿನ ಸದ್ದನ್ನೇ ಕೇಳುತ್ತಿದ್ದೆ. ಬೆಟ್ಟದ ಬುಡದಲ್ಲಿ ಬಿಸಿಲೇರಿತ್ತು. ಮೊದಲ ತಿರುವುಗಳಲ್ಲೇ ನಮ್ಮ ಮುಂದಿದ್ದ ಒಂದು ಕಾರು ಬಾನೆಟ್ ತೆಗೆದುಕೊಂಡು ಹಬೆ ಬಿಡುತ್ತಾ ನಿಂತಿತ್ತು. ನಮ್ಮ ಆಮೆ ಅದರ ಪಕ್ಕದಿಂದ ಎರಡನೇ ಗೇರಿನಲ್ಲಿ ಹತ್ತಿಹೋಯಿತು.

ನಾನು ಅವರಿಗೆ ಮೊದಲೇ ಹೇಳಿದ್ದ ಬಂಡೆಯ ತಿರುವು ಬಂತು. ತಿರುವಿನ ನಟ್ಟನಡುವೆ, ರಸ್ತೆ ಎಲ್ಲಕ್ಕಿಂತ ಕಡಿದಾಗಿರುವ ಕಡೆ, ಗಾಡಿ ನಿಂತಿತು. ಇಂಜಿನ್ ಸದ್ದು ಕೂಡ ನಿಂತಿತು. ಖುರ್ಷೀದ್ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದರು. ರಾಮಕೃಷ್ಣಪ್ಪನವರು ಏನಾಯಿತು ಎಂದು ಮೆಲ್ಲಗೆ ಕೇಳಿದರು.

ಅತಾವುಲ್ಲಾ ಹ್ಯಾಂಡ್‌ಬ್ರೇಕ್ ಎಳೆದು, ಕೀಲಿಯನ್ನು ಕೈಯಲ್ಲಿ ಹಿಡಿದು ತೋರಿಸಿದರು.

"ಏನೂ ಆಗಿಲ್ಲ. ಅವತ್ತು ಇಲ್ಲಿ ಅದೇ ನಿಂತಿತ್ತು. ಇವತ್ತು ನಾನು ನಿಲ್ಲಿಸ್ದೆ."

ಕಾದ ಇಂಜಿನ್ನನ್ನು ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಎಬ್ಬಿಸುವುದು ಎಂಥ ಧೈರ್ಯದ ಕೆಲಸ ಎಂದು ಗಾಡಿ ಬಲ್ಲವರಿಗೆ ಗೊತ್ತು. ಸಂದೇಹವಿದ್ದರೆ ಯಾವ ಮೇಸ್ತ್ರಿಯೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಅವರು ಒಂದು ಪೂರ್ತಿ ನಿಮಿಷ ಹಾಗೇ ಕೂತರು. ಕಿಟಕಿಯಿಂದ ಆ ಬಂಡೆಯನ್ನು ನೋಡಿದರು. ತಮ್ಮ ಹೆಸರು ಹಾಳಾದ ಜಾಗವನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲ ಸಲ. ಆಮೇಲೆ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಇಂಜಿನ್ ಎದ್ದಿತು. ಗಾಡಿ ಕೂದಲಷ್ಟೂ ಹಿಂದೆ ಜಾರದೆ ಮೇಲೆ ಹೊರಟಿತು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಮೇಲೆ ತಲುಪಿದ ಕೂಡಲೇ ಎಲ್ಲರೂ ನಮ್ಮ ಗಾಡಿಯ ಹಿಂದೆ ಸೇರಿದರು. ಅತಾವುಲ್ಲಾ ಮುಚ್ಚಳ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ರಾಮಕೃಷ್ಣಪ್ಪನವರ ಮುಂದೆ ಹಿಡಿದರು. ಇಂಜಿನ್ ಮಿತಿಮೀರಿ ಕಾದಿದ್ದರೆ ಆ ಕಡ್ಡಿಯನ್ನು ಬರಿಗೈಲಿ ಹಿಡಿಯಲು ಆಗುವುದಿಲ್ಲ. ರಾಮಕೃಷ್ಣಪ್ಪನವರು ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕಿದರು. ಟವೆಲ್ ಬೇಡ ಎಂದು ಅತಾವುಲ್ಲಾ ತಲೆಯಾಡಿಸಿದರು. ರಾಮಕೃಷ್ಣಪ್ಪನವರು ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದರು, ಆಮೇಲೆ ಪೂರ್ತಿ ಅಂಗೈಯಲ್ಲಿ ಹಿಡಿದರು. ಹಿಡಿದುಕೊಂಡೇ ನಿಂತರು. ಸುಮಾರು ನಲವತ್ತು ವರ್ಷ ಇಂಜಿನ್ನಿನ ಬಿಸಿ ಮುಟ್ಟಿ ನೋಡಿದ ಕೈ ಅದು, ಅದಕ್ಕೆ ಸುಳ್ಳು ಹೇಳಲಾಗಲಿಲ್ಲ.

ಅವರು ಸೇರಿದ್ದವರ ಕಡೆ ತಿರುಗಿದರು.

"ಎಲ್ರೂ ಕೇಳಿ. ಇವರ ಕೈ ಸರಿ ಇಲ್ಲ ಅಂತ ಊರೆಲ್ಲಾ ಏಳಿದ್ದು ನಾನೇ. ಇವ್ರು ಅವತ್ತೇ ಸರಿಯಾಗೇಳಿದ್ರು, ನನಗೇ ತಿಳೀಲಿಲ್ಲ. ಜರ್ಮನ್ ಗಾಡಿ ವಿಷ್ಯದಲ್ಲಿ ಇವರಿಗಿಂತ ಮೇಸ್ತ್ರಿ ನನ್ನ ಗ್ಯಾರೇಜ್ನಲ್ಲಿಲ್ಲ, ನಾನೂ ಅಲ್ಲ."

ನಾಳೆಯಿಂದಲೇ ಗ್ಯಾರೇಜಿಗೆ ಬರಬೇಕು ಎಂದು ಅವರು ಅತಾವುಲ್ಲಾ ಅವರ ಕೈ ಹಿಡಿದು ಕೇಳಿಕೊಂಡರು. ಅತಾವುಲ್ಲಾ ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಆದರೆ ಬರುವುದಿಲ್ಲ ಎಂದರು. ಯಶವಂತಪುರದಲ್ಲಿ ಜಾಗವಿದೆ, ಗಾಡಿಗಳು ಅಲ್ಲಿಗೆ ಬರಲಿ ಎಂದರು. ಖುರ್ಷೀದ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಗೋದಾ ಅವರನ್ನು ತಬ್ಬಿಕೊಂಡಳು.

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಒಬ್ಬರು ಮುಂದೆ ಬಂದರು. ಎಂಟು ವರ್ಷದ ಹಿಂದೆ ಹೊಂಗೆ ಮರದ ಕೆಳಗೆ ನನ್ನ ಜೊತೆ ನಕ್ಕವರಲ್ಲಿ ಒಬ್ಬರು, ಒಪೆಲ್ ಕಾರಿನ ಆನಂದಪ್ಪ. ಅವರ ಗಾಡಿ ಹತ್ತುವಾಗಿನಿಂದ ಎಲ್ಲೋ ಉಜ್ಜಿದಂತೆ ಸದ್ದು ಮಾಡುತ್ತಿತ್ತಂತೆ. ಅವರಿಗೆ ಕೇಳಲು ಮುಖವಿರಲಿಲ್ಲ. ಅಡಿಯಲ್ಲಿ ಏನೋ ಸದ್ದು ಎಂದಷ್ಟೇ ಹೇಳಿ ಗಾಡಿಯ ಕೀಲಿಯನ್ನು ಅತಾವುಲ್ಲಾ ಅವರ ಮುಂದೆ ನೀಡಿದರು.

ಎಂಟು ವರ್ಷದ ಮೇಲೆ ಒಬ್ಬರು ನಂಬಿ ಕೊಟ್ಟ ಮೊದಲ ಗಾಡಿ ಅದು. ಅತಾವುಲ್ಲಾ ಆ ದಿನಕ್ಕೆಂದು ಹಾಲಿನಂಥ ಬಿಳಿ ಜುಬ್ಬಾ ಹೊಲಿಸಿಕೊಂಡಿದ್ದರು. ಕೀಲಿ ಜೇಬಿಗೆ ಹಾಕಿಕೊಂಡು ನೆಟ್ಟಗೆ ಒಪೆಲ್ ಹತ್ತಿರ ಹೋದರು, ಕೆಂಪು ಮಣ್ಣಿನ ಮೇಲೆ ಅಂಗಾತ ಮಲಗಿ ಗಾಡಿಯ ಅಡಿಗೆ ಸರಿದರು. ಅಡಿಯಿಂದ ಹದಿಮೂರನೇ ನಂಬರ್ ಸ್ಪ್ಯಾನರ್ ಕೊಡಿ ಎಂದು ಅವರ ದನಿ ಬಂತು, ರಾಮಕೃಷ್ಣಪ್ಪನವರು ಬಗ್ಗಿ ಅದನ್ನು ಅವರ ಕೈಗೆ ಕೊಟ್ಟರು.